ಹೆಸರಿಟ್ಟ ಲೆಕ್ಕ

ತುಮಕೂರಿನ ಸತ್ಯಮಂಗಲದ ಕೈಗಾರಿಕಾ ಪ್ರದೇಶದಲ್ಲಿ ಯಾವ ಫ್ಯಾಬ್ರಿಕೇಷನ್ ಶೆಡ್ಡಿಗೆ ಬೇಕಾದರೂ ಹೋಗಿ, ಕಬ್ಬಿಣದ ಸರಳಿನ ತೂಕ ಹೇಗೆ ಹಾಕುತ್ತೀರಿ ಎಂದು ಕೇಳಿ. ‘ಎಂಎಮ್ಮನ್ನ ಎಂಎಮ್ಮಿಂದ್ಲೇ ಗುಣ್ಸಿ, ನೂರರವತ್ತೆರಡ್ರಿಂದ ಭಾಗ್ಸಿ. ಮೀಟ್ರಿಗೆ ಇಷ್ಟು ಕೆಜಿ ಅಂತ ಬರುತ್ತೆ’ ಎನ್ನುತ್ತಾರೆ. 12 ಎಂ.ಎಂ. ಸರಳಾದರೆ ಹನ್ನೆರಡು ಹನ್ನೆರಡ್ಲ 144, ಅದನ್ನು 162ರಿಂದ ಭಾಗಿಸಿದರೆ ಮೀಟರಿಗೆ ಹತ್ತಿರ ಹತ್ತಿರ 890 ಗ್ರಾಂ. ಗುಬ್ಬಿಯ ಅಡಿಕೆ ತೋಟದವರ ಗೇಟಿರಲಿ, ಕುಣಿಗಲ್ಲಿನ ಕಲ್ಯಾಣಮಂಟಪದ ಮಾಡಿರಲಿ, ಎಸ್ಟಿಮೇಟು ಶುರುವಾಗುವುದು ಈ ಒಂದು ಸಾಲಿನಿಂದ.

ಈ 162 ಎಲ್ಲಿಂದ ಬಂತು? ಉಕ್ಕು ಘನ ಮೀಟರಿಗೆ 7,850 ಕಿಲೊ ತೂಗುತ್ತದೆ. ಸರಳನ್ನು ಅಡ್ಡ ಕೊಯ್ದರೆ ಕಾಣುವುದು ವೃತ್ತ. ಅದರ ವಿಸ್ತೀರ್ಣಕ್ಕೆ ವ್ಯಾಸದ ವರ್ಗವನ್ನು ಪೈಯ ಕಾಲುಭಾಗದಿಂದ ಗುಣಿಸಬೇಕು. ಎಂ.ಎಂ.ನಲ್ಲಿ ಅಳೆದದ್ದನ್ನು ಮೀಟರಿಗೆ ತರಲು ಇನ್ನೊಂದಷ್ಟು ಸೊನ್ನೆ ಕಳೆಯಬೇಕು. ಇಷ್ಟನ್ನೂ ಒಟ್ಟಿಗೆ ಹಾಕಿ ಕುದಿಸಿ ಇಳಿಸಿದಾಗ ತಳದಲ್ಲಿ ಉಳಿಯುವ ಅಂಕಿ 162. ನಿಖರವಾಗಿ ಬೇಕೆಂದರೆ 162.2. ಯಾರೋ ಪುಣ್ಯಾತ್ಮರು ಒಮ್ಮೆ ಮಾಡಿಟ್ಟ ಲೆಕ್ಕ ಬಾಯಿಂದ ಬಾಯಿಗೆ ದಾಟಿ, ಪೈ ಎಂದರೇನೆಂದು ಕೇಳದವರ ಕೈಯಲ್ಲೂ ಸರಿಯಾದ ತೂಕ ಕೊಡುತ್ತಿದೆ. ಇದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಜೊತೆಗೆ ಒಂದು ಕಳವಳವೂ ಇದೆ. ಉಕ್ಕಿನ ಬದಲು ಅಲ್ಯೂಮಿನಿಯಂ ಬಂದರೆ ಈ 162 ಸುಮ್ಮನಾಗುತ್ತದೆ. ಅದರೊಳಗೆ ಸಾಂದ್ರತೆ ಎಂಬುದೊಂದು ಅಡಗಿದೆ, ಅದನ್ನು ಮಾತ್ರ ಬದಲಿಸಿದರೆ ಸಾಕು ಎಂಬ ಸುಳಿವು ಆ ಅಂಕಿಯ ಮೇಲೆ ಎಲ್ಲೂ ಬರೆದಿಲ್ಲ.

ನಾನು ಇಂಥದೊಂದು ಶೆಡ್ಡಿನಲ್ಲಿ ಎಸ್ಟಿಮೇಟು ಬರೆಯುವವನು. ಗ್ರೈಂಡರಿನ ಸದ್ದಿನ ಮಧ್ಯೆ ಕೂತು ದಿನವೂ ಅದದೇ ಲೆಕ್ಕಗಳನ್ನು ಮಾಡುವವನಿಗೆ ಒಂದು ವಿಷಯದಲ್ಲಿ ನಂಬಿಕೆ ಬೆಳೆದಿದೆ: ಲೆಕ್ಕದಲ್ಲಿ ಬದಲಾಗುವುದು ಯಾವುದು, ಬದಲಾಗದ್ದು ಯಾವುದು ಎಂದು ಮೊದಲು ಬಿಡಿಸಿಕೊಳ್ಳಬೇಕು, ಬಿಡಿಸಿಕೊಂಡ ಮೇಲೆ ಎರಡಕ್ಕೂ ಹೆಸರಿಡಬೇಕು. ಬದಲಾಗುವುದನ್ನು ಕಂಪ್ಯೂಟರಿನವರು ವೇರಿಯಬಲ್ ಎನ್ನುತ್ತಾರೆ, ಬದಲಾಗದ ವಿಧಾನವನ್ನು ಫಂಕ್ಷನ್ ಎನ್ನುತ್ತಾರೆ. ಇಂದಿನ ಕಬ್ಬಿಣದ ದರ ಮೊದಲನೆಯದು, ಸರಳಿನ ತೂಕ ಹಾಕುವ ಕ್ರಮ ಎರಡನೆಯದು.

ಅಂಗಡಿ ಮೇಜಿನ ಮೇಲಿನ ದಪ್ಪ ಗುಂಡಿಗಳ ಕ್ಯಾಲ್ಕುಲೇಟರಿನಲ್ಲೂ ಇವೆರಡರ ಮೊಳಕೆ ಇದೆ. ಎಂ ಪ್ಲಸ್ ಒತ್ತಿದರೆ ಒಂದು ಸಂಖ್ಯೆ ಒಳಗೆ ಕೂರುತ್ತದೆ, ಎಂಆರ್‌ಸಿ ಒತ್ತಿದರೆ ಈಚೆ ಬರುತ್ತದೆ. ಆದರೆ ಅದು ಹೆಸರಿಲ್ಲದ ಸಂಖ್ಯೆ. ಬೆಳಗ್ಗೆ ಒಳಗಿಟ್ಟದ್ದು ಗೇಟಿನ ತೂಕವೋ ಪೇಂಟಿನ ಖರ್ಚೋ, ಮಧ್ಯಾಹ್ನ ಊಟ ಮಾಡಿ ಬಂದವರಿಗೆ ಅದು ಹೇಳುವುದಿಲ್ಲ. ತೆರಿಗೆಯ ಗುಂಡಿ ಇದಕ್ಕಿಂತ ಮೇಲು. ದರವನ್ನು ಒಮ್ಮೆ ಕೂರಿಸಿಬಿಟ್ಟರೆ ಟ್ಯಾಕ್ಸ್ ಪ್ಲಸ್ ಸೇರಿಸುತ್ತದೆ, ಟ್ಯಾಕ್ಸ್ ಮೈನಸ್ ತೆಗೆಯುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ಅದರ ದರಗಳಿಗೆಂದೇ ಬೇರೆ ಬೇರೆ ಗುಂಡಿಗಳಿದ್ದ ಕ್ಯಾಲ್ಕುಲೇಟರನ್ನು ಕ್ಯಾಸಿಯೊ ಕಂಪನಿ ನಮ್ಮ ದೇಶದ ಪೇಟೆಗೆ ಬಿಟ್ಟಿತು. 2025ರ ಸೆಪ್ಟೆಂಬರ್ 22ರಿಂದ 12 ಮತ್ತು 28ರ ದರಗಳು ಬಹುಮಟ್ಟಿಗೆ ಹೋದವು. ಗುಂಡಿಯ ಹಿಂದಿನ ದರವನ್ನು ಬದಲಿಸಿಕೊಳ್ಳಲು ಬರುವಂತಿದ್ದರೆ ಅಂಥ ಯಂತ್ರ ಹಳೆಯದಾಗುವುದಿಲ್ಲ.

ತೆರಿಗೆ ತೆಗೆಯುವ ಗುಂಡಿಯನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ. 1,180 ರೂಪಾಯಿಯ ಬಿಲ್ಲಿನಲ್ಲಿ ಶೇ 18 ತೆರಿಗೆ ಸೇರಿದೆ, ಮೂಲ ಬೆಲೆ ಎಷ್ಟು ಎಂದರೆ ಎಷ್ಟೋ ಜನ 1,180ರಿಂದ ಅದರದೇ ಶೇ 18 ಕಳೆದು 967 ರೂಪಾಯಿ 60 ಪೈಸೆ ಎಂದುಬಿಡುತ್ತಾರೆ. ಮೂಲ ಬೆಲೆ 1,000. ಕಳೆಯುವುದಲ್ಲ, 1.18ರಿಂದ ಭಾಗಿಸಬೇಕು. ‘ತೆರಿಗೆ ತೆಗೆ’ ಎಂಬ ಹೆಸರಿನಲ್ಲಿ ಆ ಭಾಗಾಕಾರವನ್ನು ಒಮ್ಮೆ ಸರಿಯಾಗಿ ಕಟ್ಟಿಟ್ಟರೆ ಆಮೇಲೆ ಯಾರೂ ಅದನ್ನು ನೆನಪಿಡುವ ಕಷ್ಟವಿಲ್ಲ.

ತುಮಕೂರಿನಲ್ಲಿ ಡಿಪ್ಲೊಮಾ ಓದುವ ಹುಡುಗರ ಬ್ಯಾಗಿನಲ್ಲಿ ಇರುವ ಸೈಂಟಿಫಿಕ್ ಕ್ಯಾಲ್ಕುಲೇಟರು ಇನ್ನೊಂದು ಮೆಟ್ಟಿಲು ಮೇಲಿದೆ. ಎಫ್‌ಎಕ್ಸ್ 991 ಎಂಎಸ್‌ನಲ್ಲಿ ಎ, ಬಿ, ಸಿ ಎಂದು ಶುರುವಾಗುವ ಒಂಬತ್ತು ಅಕ್ಷರಗಳಿಗೆ ಒಂಬತ್ತು ಸಂಖ್ಯೆ ಕೊಟ್ಟಿಡಬಹುದು. ಅಕ್ಷರಗಳಲ್ಲೇ ಸೂತ್ರ ಬರೆದು ಕ್ಯಾಲ್ಕ್ ಗುಂಡಿ ಒತ್ತಿದರೆ ‘ಎ ಎಷ್ಟು? ಬಿ ಎಷ್ಟು?’ ಎಂದು ಒಂದೊಂದಾಗಿ ಕೇಳಿಕೊಂಡು ಉತ್ತರ ಕೊಡುತ್ತದೆ. ಯಂತ್ರ ಆರಿಸಿದರೆ ಸೂತ್ರ ಹೋಯಿತು. ನಾಳೆ ಮತ್ತೆ ಬರೆಯಬೇಕು.

ಶೆಡ್ಡಿನ ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಇರುವುದರಿಂದ ಅದರ ಜೊತೆಗೇ ದೊರೆಯುವ ಬಿ.ಸಿ. ಎಂಬ ಲೆಕ್ಕದ ಪ್ರೋಗ್ರಾಮು ನಮ್ಮ ಕೈಗೆ ಸಿಕ್ಕಿತು. ಇದರ ಮೂಲ ರೂಪವನ್ನು 1975ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಲೊರಿಂಡಾ ಚೆರಿ ಮತ್ತು ರಾಬರ್ಟ್ ಮಾರಿಸ್ ಬರೆದರು. ಬಣ್ಣವಿಲ್ಲ, ಗುಂಡಿಗಳಿಲ್ಲ. ಖಾಲಿ ಪರದೆಯ ಮೇಲೆ ಒಂದು ಸಾಲು ಬರೆದರೆ ಅದರ ಕೆಳಗೆ ಉತ್ತರ. ಡಿಫೈನ್ ಎಂದು ಬರೆದು ಹೆಸರು, ಕಂಸದೊಳಗೆ ಬೇಕಾದ ಅಳತೆಗಳು, ಆಮೇಲೆ ವಿಧಾನ ಬರೆದರೆ ನಿಮ್ಮದೇ ಫಂಕ್ಷನ್ ಸಿದ್ಧ. ಅದನ್ನು ಒಂದು ಫೈಲಿನಲ್ಲಿ ಉಳಿಸಿಟ್ಟು, ಪ್ರೋಗ್ರಾಮು ತೆರೆಯುವಾಗ ಆ ಫೈಲಿನ ಹೆಸರು ಹೇಳಿದರೆ ನಿನ್ನೆಯ ಸೂತ್ರಗಳೆಲ್ಲ ಇಂದೂ ಇರುತ್ತವೆ.

ಬಿ.ಸಿ.ಗೆ ಅದರದೇ ಒಂದು ಸ್ವಭಾವವಿದೆ. ತೆರೆದ ಕೂಡಲೇ 144ನ್ನು 162.2ರಿಂದ ಭಾಗಿಸಲು ಹೇಳಿದರೆ ಉತ್ತರ ಸೊನ್ನೆ! ದಶಮಾಂಶ ಎಷ್ಟು ಸ್ಥಾನ ಬೇಕೆಂದು ನಾವು ಹೇಳುವವರೆಗೆ ಅದು ಪೂರ್ಣಾಂಕವನ್ನು ಮಾತ್ರ ಕೊಡುತ್ತದೆ. ಸ್ಕೇಲ್ ಎಂಬ ಅದರ ಸ್ವಂತ ವೇರಿಯಬಲ್ಲಿಗೆ 3 ಎಂದು ಕೊಟ್ಟರೆ .887 ಎನ್ನುತ್ತದೆ. ಮುಂದಿನ ಅಂಕಿ 7 ಇದ್ದರೂ ಮೇಲಕ್ಕೆ ಏರಿಸುವುದಿಲ್ಲ, ಕತ್ತರಿಸಿಬಿಡುತ್ತದೆ. ಹಾಗಾಗಿ ಕ್ರಮ ಮುಖ್ಯವಾಗುತ್ತದೆ. ಸರಳು ಬರುವುದು 12 ಮೀಟರ್ ಉದ್ದದಲ್ಲಿ. ಮೊದಲು ಭಾಗಿಸಿ ಆಮೇಲೆ 12ರಿಂದ ಗುಣಿಸಿದರೆ ಒಂದು ಸರಳಿಗೆ 10.644 ಕಿಲೊ, ಮೊದಲು ಗುಣಿಸಿ ಆಮೇಲೆ ಭಾಗಿಸಿದರೆ 10.653. ನೂರು ಸರಳು ಇಳಿಸಿಕೊಂಡಾಗ ಈ ಎರಡರ ನಡುವೆ ಒಂದು ಕಿಲೊಗೆ ತುಸು ಕಡಿಮೆ ಅಂತರ. ಫಂಕ್ಷನ್ ಒಳಗೆ ಗುಣಾಕಾರವನ್ನು ಮೊದಲೇ ಬರೆದಿಟ್ಟರೆ ಈ ಅಂತರದ ಚಿಂತೆ ಎಂದಿಗೂ ಇಲ್ಲ.

ಮೊದಲು ಗುಣಿಸು, ಆಮೇಲೆ ಭಾಗಿಸು ಎಂಬ ಈ ಬುದ್ಧಿಮಾತು ನಮ್ಮಲ್ಲಿ ಬಹಳ ಹಳೆಯದು. ತ್ರೈರಾಶಿಕವನ್ನು 499ರಲ್ಲಿ ಆರ್ಯಭಟ ಹೇಳಿದ್ದು ಹಾಗೆಯೇ: ಫಲವನ್ನು ಇಚ್ಛೆಯಿಂದ ಗುಣಿಸಿ, ಪ್ರಮಾಣದಿಂದ ಭಾಗಿಸಬೇಕು. ಐದು ಕಿಲೊಗೆ ಇಷ್ಟು ರೂಪಾಯಿಯಾದರೆ ಏಳು ಕಿಲೊಗೆ ಎಷ್ಟು ಎಂಬಲ್ಲಿ ಐದು ಪ್ರಮಾಣ, ರೂಪಾಯಿ ಫಲ, ಏಳು ಇಚ್ಛೆ. ನನ್ನ ದೃಷ್ಟಿಯಲ್ಲಿ ಇದು ಹೆಸರಿಟ್ಟ ಮೂರು ಜಾಗಗಳಿರುವ ಪೂರ್ತಿ ಫಂಕ್ಷನ್ನು. ಧಾನ್ಯ ಹಾಕಿ, ಚಿನ್ನ ಹಾಕಿ, ಕೂಲಿ ಹಾಕಿ, ಅದೇ ನಡೆಯುತ್ತದೆ. ಒಂದೂವರೆ ಸಾವಿರ ವರ್ಷ ಜನ ಅದನ್ನು ಬಾಯಲ್ಲೇ ಚಾಲ್ತಿಯಲ್ಲಿಟ್ಟಿದ್ದಾರೆ ಎಂದರೆ ಆ ಮೂರು ಹೆಸರುಗಳ ಪಾಲು ಅದರಲ್ಲಿ ದೊಡ್ಡದು.

ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಅದರ ಮೊದಲ ಅಧ್ಯಾಯ ಸಂಜ್ಞಾಧಿಕಾರ. ಕೂಡುವುದಕ್ಕೂ ಕಳೆಯುವುದಕ್ಕೂ ಮುಂಚೆ ಉದ್ದದ ಅಳತೆ, ಕಾಲದ ಅಳತೆ, ಧಾನ್ಯದ್ದು, ಚಿನ್ನದ್ದು, ಬೆಳ್ಳಿಯದು, ಕೊನೆಗೆ ಉಳಿದ ಲೋಹಗಳದ್ದು, ಎಲ್ಲಕ್ಕೂ ಅಲ್ಲಿ ಹೆಸರು ಮತ್ತು ಪ್ರಮಾಣ ಗೊತ್ತುಮಾಡಿದ್ದಾನೆ. ಹನ್ನೆರಡನೇ ಶತಮಾನದ ಜೈನ ಕವಿ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ರಚಿಸಿದ. ವ್ಯಾಪಾರಿಗೆ, ಕುಶಲಕರ್ಮಿಗೆ ಲೆಕ್ಕ ಅವರ ಮಾತಿನಲ್ಲೇ ಸಿಗಬೇಕೆಂಬ ಕಾಳಜಿ ಅಷ್ಟು ಹಿಂದೆಯೇ ಇತ್ತು ಎಂಬುದು ನನಗೆ ಹೆಮ್ಮೆಯ ಸಂಗತಿ.

ಗೊತ್ತಿಲ್ಲದ ಸಂಖ್ಯೆಗೂ ಹೆಸರಿಡುವ ಧೈರ್ಯ ಇನ್ನೂ ದೊಡ್ಡದು. 628ರಲ್ಲಿ ಬ್ರಹ್ಮಗುಪ್ತ ಅವ್ಯಕ್ತ ರಾಶಿಗಳನ್ನು ಬಣ್ಣಗಳಿಂದ ಗುರುತಿಸುವ ಮಾತಾಡಿದ. ಹನ್ನೆರಡನೇ ಶತಮಾನದ ಭಾಸ್ಕರಾಚಾರ್ಯನ ‘ಬೀಜಗಣಿತ’ದಲ್ಲಿ ಮೊದಲ ಅವ್ಯಕ್ತಕ್ಕೆ ಯಾವತ್ತಾವತ್, ಆಮೇಲಿನವಕ್ಕೆ ಕಾಲಕ, ನೀಲಕ, ಪೀತಕ, ಲೋಹಿತಕ. ಬರೆಯುವಾಗ ಒಂದೊಂದೇ ಅಕ್ಷರ: ಯಾ, ಕಾ, ನೀ, ಪೀ, ಲೋ. ಗೊತ್ತಿರುವ ಸಂಖ್ಯೆಗೆ ರೂ. ಬೆಲ್ ಲ್ಯಾಬ್ಸ್‌ನ ಬಿ.ಸಿ. ಮೊದಮೊದಲು ಒಪ್ಪಿದ್ದೂ ಒಂದೇ ಅಕ್ಷರದ ಹೆಸರನ್ನು, ಇಂಗ್ಲಿಷಿನ ಇಪ್ಪತ್ತಾರು ಸಣ್ಣಕ್ಷರಗಳಲ್ಲಿ ಒಂದನ್ನು. ಈಗಿನ ಗ್ನೂ ಆವೃತ್ತಿ ಉದ್ದ ಹೆಸರುಗಳನ್ನು ತೆಗೆದುಕೊಳ್ಳುತ್ತದೆ, ಆದರೆ ಲಿಪಿ ಇಂಗ್ಲಿಷಿನದೇ ಇರಬೇಕು.

ಅಲ್ಲಿ ನಮಗೆ ತೊಡಕಾಯಿತು. ನಮ್ಮ ಶೆಡ್ಡಿನ ಹಿರಿಯ ಫಿಟ್ಟರ್ ಅಣ್ಣನಿಗೆ ಇಂಗ್ಲಿಷ್ ಹೆಸರುಗಳು ಬೇಡ. ‘ಇದು ಏನು ಅಂತ ಓದಿದ್ರೆ ತಿಳೀಬೇಕು ಸಾರ್. ಇಲ್ದಿದ್ರೆ ನೀವು ರಜಾ ಹಾಕ್ದಾಗ ನಾನೇನ್ ಮಾಡ್ಲಿ?’ ಎಂದು ಅವರು ಕೇಳಿದ್ದು ನ್ಯಾಯವಾಗಿತ್ತು. ಪೈಥಾನ್ ಭಾಷೆಯನ್ನು ಕ್ಯಾಲ್ಕುಲೇಟರಿನಂತೆಯೇ ಬಳಸಬಹುದು, ಮತ್ತು 2008ರ ಡಿಸೆಂಬರಿನಲ್ಲಿ ಬಂದ ಅದರ ಮೂರನೇ ಆವೃತ್ತಿಯಿಂದ ಹೆಸರುಗಳನ್ನು ಕನ್ನಡ ಲಿಪಿಯಲ್ಲೇ ಇಡಬಹುದು. ಡೆಫ್, ರಿಟರ್ನ್ ಎಂಬ ಒಂದೆರಡು ಪದ ಇಂಗ್ಲಿಷಿನಲ್ಲಿ ಉಳಿಯುತ್ತವೆ. ಸಂಖ್ಯೆಗಳನ್ನೂ ಇಂಗ್ಲಿಷ್ ಅಂಕಿಗಳಲ್ಲೇ ಬರೆಯಬೇಕು. ಉಳಿದದ್ದೆಲ್ಲ ನಮ್ಮದು. ಈಗ ನಮ್ಮ ಪರದೆಯ ಮೇಲೆ ಸರಳು(12, 12) ಎಂದು ಬರೆದರೆ 10.65 ಬರುತ್ತದೆ. ಶೀಟು(8, 4, 3) ಎಂದರೆ ಎಂಟಡಿ ನಾಲ್ಕಡಿಯ 3 ಎಂ.ಎಂ. ಶೀಟಿನ ತೂಕ, ಸುಮಾರು 70 ಕಿಲೊ. ಅಡಿಯಲ್ಲಿ ಉದ್ದ, ಎಂ.ಎಂ.ನಲ್ಲಿ ದಪ್ಪ, ಕಿಲೊದಲ್ಲಿ ತೂಕ, ಹೀಗೆ ಮೂರು ಮಾನಗಳು ಕಲಸಿಹೋಗುವ ಲೆಕ್ಕವಿದು. ಪರಿವರ್ತನೆಯೆಲ್ಲ ಫಂಕ್ಷನ್ ಒಳಗೇ ಇರುವುದರಿಂದ ಹೊರಗಿನವರಿಗೆ ಅದರ ಗೊಡವೆಯಿಲ್ಲ.

ಕನ್ನಡದಲ್ಲಿ ಹೆಸರಿಡುವಾಗ ಒಂದು ಸೂಕ್ಷ್ಮವನ್ನು ತಿಳಿದಿರಬೇಕು. ಜಿಎಸ್‌ಟಿ ಎಂದು ಬರೆಯುವಾಗ ‘ಸ್’ ಮತ್ತು ‘ಟಿ’ ಒತ್ತಕ್ಷರವಾಗಿ ಅಂಟಿಕೊಳ್ಳದಿರಲಿ ಎಂದು ಕೀಲಿಮಣೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಸೇರಿಸುತ್ತದೆ. ಆ ಚಿಹ್ನೆ ಇರುವ ಹೆಸರನ್ನು ಪೈಥಾನ್ ಒಪ್ಪುವುದಿಲ್ಲ. ಪರದೆಯಲ್ಲಿ ನೋಡಿದರೆ ಹೆಸರು ಸರಿಯಾಗಿಯೇ ಕಾಣುತ್ತದೆ, ಆದರೂ ದೋಷವೆಂದು ತೋರಿಸುತ್ತದೆ. ನಾವು ಆ ವೇರಿಯಬಲ್ಲಿಗೆ ತೆರಿಗೆ ಎಂದೇ ಹೆಸರಿಟ್ಟೆವು. ಎರಡು ಪದ ಕೂಡಿಸಬೇಕಾದಲ್ಲಿ ನಡುವೆ ಅಡಿಗೆರೆ ಹಾಕುತ್ತೇವೆ: ಕಬ್ಬಿಣದ_ದರ, ಪೇಂಟಿನ_ದರ.

ಗೇಟು ಮಾಡಿಸಲು ಬರುವ ತೋಟದವರು ಒಮ್ಮೊಮ್ಮೆ ಪಹಣಿಯನ್ನೂ ತರುತ್ತಾರೆ, ಬೇಲಿಗೆ ಕಂಬ ಎಷ್ಟು ಬೇಕು ಎಂದು ಕೇಳಲಿಕ್ಕೆ. ಪಹಣಿಯಲ್ಲಿ 1.30 ಎಂದರೆ ಒಂದು ಎಕರೆ ಮೂವತ್ತು ಗುಂಟೆ. ನಡುವಿನ ಚುಕ್ಕಿ ದಶಮಾಂಶದ್ದಲ್ಲ. ಎಕರೆಗೆ 40 ಗುಂಟೆ, ಗುಂಟೆಗೆ 1,089 ಚದರಡಿ. ಅಂಥ ಎರಡು ತುಂಡು ಜಮೀನನ್ನು ಸಾಮಾನ್ಯ ಕ್ಯಾಲ್ಕುಲೇಟರಿನಲ್ಲಿ ಕೂಡಿದರೆ 2.60 ಬರುತ್ತದೆ, ಲೋಕದಲ್ಲಿ ಎಲ್ಲೂ ಇಲ್ಲದ ಅಳತೆ. ಸರಿಯಾದದ್ದು ಮೂರು ಎಕರೆ ಇಪ್ಪತ್ತು ಗುಂಟೆ. ಇದಕ್ಕೆ ಎಲ್ಲವನ್ನೂ ಗುಂಟೆಗೆ ಇಳಿಸಿ ಕೂಡಬೇಕು: 70ಕ್ಕೆ 70 ಸೇರಿ 140. ಮತ್ತೆ 40ರಿಂದ ಭಾಗಿಸಿದರೆ ಭಾಗಲಬ್ಧ 3, ಶೇಷ 20. ಸರಳಿನ ತೂಕಕ್ಕೆ ಸೊನ್ನೆ ಕೊಟ್ಟ ಬಿ.ಸಿ.ಯ ಆ ಪೂರ್ಣಾಂಕದ ಭಾಗಾಕಾರ ಇಲ್ಲಿ ತಕ್ಕ ಉತ್ತರ ಕೊಡುತ್ತದೆ. ದಶಮಾಂಶ ಇಟ್ಟುಕೊಂಡು ಇದೇ ಶೇಷವನ್ನು ಕೇಳಿದರೆ 140ರಲ್ಲಿ 40 ಮೂರೂವರೆ ಸಲ ಹೋಯಿತು, ಶೇಷ ಸೊನ್ನೆ ಎನ್ನುತ್ತದೆ. ಆದ್ದರಿಂದ ಸ್ಕೇಲ್ ಎಷ್ಟಿರಬೇಕೆಂಬುದನ್ನು ಫಂಕ್ಷನ್ ಒಳಗೇ ಗೊತ್ತುಮಾಡಿ, ಹೊರಬರುವಾಗ ಮೊದಲಿದ್ದ ಹಾಗೆ ಬಿಟ್ಟುಬರಬೇಕು. ಪೈಥಾನಿನಲ್ಲಿ ಭಾಗಲಬ್ಧ, ಶೇಷ ಎರಡನ್ನೂ ಒಟ್ಟಿಗೆ ಕೊಡುವ ಡಿವ್‌ಮಾಡ್ ಎಂಬುದೇ ಇದೆ.

ನಮ್ಮ ಸೀಮೆಯ ಹಳಬರು 20 ಕೊಳಗಕ್ಕೆ ಒಂದು ಖಂಡುಗ ಎಂದು ಲೆಕ್ಕ ಹಾಕುತ್ತಿದ್ದರು. ಕೊಳಗಕ್ಕೆ ಎಷ್ಟು ಸೇರು ಎಂಬುದು ಮಾತ್ರ ಊರಿಂದ ಊರಿಗೆ ಬೇರೆ. ಲೆಕ್ಕದ ಕ್ರಮ ಎಲ್ಲರದೂ ಒಂದೇ, ಒಳಗೆ ಹಾಕುವ ಅಳತೆ ಆಯಾ ಊರಿನದು. ಬೇರೆ ಊರಿನವರು ರಾಗಿ ತಂದಾಗ ಮೊದಲು ‘ನಿಮ್ಮ ಕೊಳಗ ಎಷ್ಟು ಸೇರಿಂದು?’ ಎಂದು ಕೇಳಿಕೊಂಡರೆ ಜಗಳವಿಲ್ಲ. ಸಾಂದ್ರತೆಯ ವಿಷಯದಲ್ಲೂ ನಾವು ಅದೇ ಮಾಡುತ್ತೇವೆ. ಅದನ್ನು ಎಲ್ಲರಿಗೂ ಒಂದೇ ವೇರಿಯಬಲ್ಲಾಗಿ ಹೊರಗೆ ಇಟ್ಟರೆ, ಬೆಳಗ್ಗೆ ಅಲ್ಯೂಮಿನಿಯಂ ಕಿಟಕಿಗೆಂದು 2,700 ಕೊಟ್ಟದ್ದು ಸಂಜೆಯ ಉಕ್ಕಿನ ಗೇಟಿಗೂ ಸದ್ದಿಲ್ಲದೆ ಅಂಟಿಕೊಂಡು, ತೂಕ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ನಮ್ಮ ಫಂಕ್ಷನ್ನುಗಳು ಲೋಹ ಯಾವುದೆಂದು ಪ್ರತಿ ಸಲವೂ ಒಳಗೆ ಕರೆಸಿಕೊಳ್ಳುತ್ತವೆ. ಹೇಳದಿದ್ದರೆ ಉಕ್ಕೆಂದು ತಿಳಿಯುತ್ತವೆ.

ನಮ್ಮ ಫಂಕ್ಷನ್ನುಗಳ ಪಟ್ಟಿಗೆ ಈಚೆಗೆ ಸೇರಿದ್ದು ತುಂಡು ಎಂಬ ಫಂಕ್ಷನ್ನು. ಚೌಕದ ಪೈಪು ಬರುವುದು 6 ಮೀಟರ್ ಉದ್ದದಲ್ಲಿ. ಒಂದು ಗ್ರಿಲ್ ಕೆಲಸಕ್ಕೆ 1,200 ಎಂ.ಎಂ.ನ 40 ತುಂಡು ಬೇಕಿತ್ತು. ಐಟಿಐ ಮುಗಿಸಿ ಬಂದಿರುವ ಹುಡುಗ 6,000ವನ್ನು 1,200ರಿಂದ ಭಾಗಿಸಿ, ಪೈಪಿಗೆ ಐದು ತುಂಡಿನಂತೆ ಎಂಟು ಪೈಪು ಸಾಕು ಎಂದ. ಫಿಟ್ಟರ್ ಅಣ್ಣ ಬಳಪದಲ್ಲಿ ನೆಲದ ಮೇಲೆ ಒಂದು ಗೆರೆ ಎಳೆದು ನಾಲ್ಕು ಕಡೆ ಅಡ್ಡಗೀರು ಹಾಕಿದರು. ‘ಐದು ಬರಲ್ಲ ಕಣಪ್ಪ. ಪ್ರತಿ ಕೊಯ್ತಕ್ಕೂ ವೀಲು ಮೂರು ಎಂಎಂ ತಿನ್ನುತ್ತೆ. ನಾಕು ಕೊಯ್ತಕ್ಕೆ ಹನ್ನೆರಡು ಹೋಯ್ತು. ಕೊನೇ ತುಂಡು ಗಿಡ್ಡ ಆಗುತ್ತೆ.’

ಅವರ ಆ ಮಾತಿಗೆ ಅಂದೇ ಸಂಜೆ ಹೆಸರು ಸಿಕ್ಕಿತು: ಕೊಯ್ತ. ಪೈಪಿನ ಉದ್ದಕ್ಕೂ ತುಂಡಿನ ಉದ್ದಕ್ಕೂ ಒಂದೊಂದು ಕೊಯ್ತ ಸೇರಿಸಿ, ಆಮೇಲೆ ಭಾಗಿಸಿ, ಪೂರ್ಣಾಂಕವನ್ನು ಮಾತ್ರ ಇಟ್ಟುಕೊಳ್ಳಬೇಕು. 6,003ನ್ನು 1,203ರಿಂದ ಭಾಗಿಸಿದರೆ 4.99, ಅಂದರೆ ನಾಲ್ಕೇ ತುಂಡು, 40 ತುಂಡಿಗೆ ಹತ್ತು ಪೈಪು. ತೆಳ್ಳನೆಯ ವೀಲು ಹಾಕಿದ ದಿನ ಕೊಯ್ತದ ಬೆಲೆ ಬದಲಿಸಿಕೊಂಡರಾಯಿತು. ಸೂತ್ರ ಎದುರಿಗಿದ್ದುದರಿಂದ ಹುಡುಗ ತುಂಡಿನ ಉದ್ದವನ್ನು ಒಂದೊಂದೇ ಎಂ.ಎಂ. ಇಳಿಸುತ್ತಾ ನೋಡಿದ, 1,195ಕ್ಕೆ ಬಂದಾಗ ಉತ್ತರ ಧಾರಾಳವಾಗಿ ಐದಾಗಿತ್ತು. ಗ್ರಿಲ್ ಐದು ಎಂ.ಎಂ. ಕಿರಿದಾದರೆ ನಡೆಯುತ್ತದೆಯೇ ಎಂದು ಮನೆಯವರಿಗೆ ಫೋನು ಮಾಡಿ ಕೇಳಿದೆವು. ಚೌಕಟ್ಟಿನಲ್ಲಿ ಅಷ್ಟು ಜಾಗ ಇದೆ, ಮಾಡಿ ಎಂದರು. ಎಂಟೇ ಪೈಪು ತರಿಸಿದೆವು.